ಕ್ಷ-ಕಿರಣದ ಕಣ್ಣಿಗೆ ಹಳೆಯ ಚಿತ್ರಗಳು

(ಮುಂಬಯಿಯಲ್ಲಿ ಸಂಘದ ರಾಜ್ಯೋತ್ಸವ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಪಂಪನಿಂದ ತೊಡಗಿ ಏಕೀಕರಣದವರೆಗೆ ಮಾತನಾಡುವುದು ವಾಡಿಕೆ. ಆ ಕೆಲಸವನ್ನು ಚೆನ್ನಾಗಿ ಮಾಡಬಲ್ಲವರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದಕ್ಕೇ ಇರಬೇಕು, ಕಾರ್ಯದರ್ಶಿಗಳು ಈ ಸಲ “ಏನಾದರೂ ವಿಜ್ಞಾನದ ವಿಷಯ ಹೇಳಿ, ಮಕ್ಕಳೂ ಕೇಳಲಿ” ಎಂದು ಅಪ್ಪಣೆ ಮಾಡಿದರು. ನಾವು ಓದಿದ್ದು ವಾಣಿಜ್ಯಶಾಸ್ತ್ರ. ಮಾಡುತ್ತಿರುವುದು ಬ್ಯಾಂಕಿನ ಗುಮಾಸ್ತಿಕೆ. ವಿಜ್ಞಾನಿಗಳೂ ಅಲ್ಲ, ಚಿತ್ರಕಾರರೂ ಅಲ್ಲ. ಆದರೂ ಹಳೆಯ ವರ್ಣಚಿತ್ರಗಳ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣವುಂಟು. ಒಂದು ಬರಹವನ್ನು ಯಾರು ತಿದ್ದಿದರು, ಯಾವಾಗ ತಿದ್ದಿದರು, ಯಾವ ಅಧಿಕಾರದಿಂದ ತಿದ್ದಿದರು ಎಂದು ಕೇಳುವುದೇ ನಮ್ಮ ದಿನದ ಅನ್ನ. ಹಳೆಯ ಚಿತ್ರಗಳನ್ನು ಪರೀಕ್ಷಿಸುವ ಪಂಡಿತರು ಕೇಳುವ ಪ್ರಶ್ನೆಗಳೂ ಈ ಮೂರೇ ಎಂದು ತಿಳಿದಾಗ, ಇದು ನಮ್ಮ ನೆಂಟರ ಮನೆಯ ವಿಚಾರವೇ ಸರಿ ಎನ್ನಿಸಿತು.

ಕ್ಷ-ಕಿರಣವೆಂದೊಡನೆ ಮುರಿದ ಮೂಳೆ, ಕೆಮ್ಮಿನ ಎದೆ, ಆಸ್ಪತ್ರೆಯ ತಣ್ಣನೆಯ ಕೋಣೆ ನಮ್ಮ ಕಣ್ಣ ಮುಂದೆ ಬರುತ್ತವೆ. 1895ರ ನವೆಂಬರಿನಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ ಪ್ರೊಫೆಸರ್ ರಾಂಟ್ಜೆನ್ ಅವರು ಈ ಕಿರಣವನ್ನು ಕಂಡುಹಿಡಿದರು. ಡಿಸೆಂಬರಿನಲ್ಲಿ ತಮ್ಮ ಪತ್ನಿಯ ಕೈಯನ್ನು ಫಲಕದ ಮೇಲಿರಿಸಿ ಅವರು ತೆಗೆದ ಚಿತ್ರದಲ್ಲಿ ಬೆರಳಿನ ಮೂಳೆಗಳೂ ಮೂಳೆಯನ್ನು ಬಳಸಿದ ಉಂಗುರವೂ ಕಂಡವು. 1901ರಲ್ಲಿ ಭೌತಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕ ಅವರಿಗೇ ಸಂದಿತು. ಇಷ್ಟು ಶಾಲೆಯ ಮಕ್ಕಳಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ, ಮರುವರ್ಷ 1896ರಲ್ಲಿಯೇ ಫ್ರಾಂಕ್‌ಫರ್ಟಿನಲ್ಲಿ ವಾಲ್ಟರ್ ಕೋನಿಗ್ ಎಂಬ ಭೌತವಿಜ್ಞಾನಿ ಒಂದು ವರ್ಣಚಿತ್ರವನ್ನು ಈ ಕಿರಣಕ್ಕೆ ಒಡ್ಡಿ ನೋಡಿದರು. ಮನುಷ್ಯನ ಎದೆಯೊಳಗೆ ಇಣುಕಿದ ಕಿರಣ ಅದೇ ಹೊತ್ತಿಗೆ ಚಿತ್ರದ ಎದೆಯೊಳಗೂ ಇಣುಕಲಾರಂಭಿಸಿತು.

ಇದು ನಡೆಯುವ ಬಗೆ ಸರಳವಾದುದು. ಚಿತ್ರದ ಒಂದು ಬದಿಯಲ್ಲಿ ಕಿರಣದ ಕೊಳವೆ, ಇನ್ನೊಂದು ಬದಿಗೆ ಒತ್ತಿ ಇರಿಸಿದ ಫಿಲ್ಮು ಅಥವಾ ಈಗಿನ ಡಿಜಿಟಲ್ ಫಲಕ. ಕಿರಣವು ಹಗುರವಾದ ವಸ್ತುವನ್ನು ಹಾಯ್ದು ಹೋಗುತ್ತದೆ. ಭಾರವಾದ ಲೋಹವಿದ್ದಲ್ಲಿ ತಡೆಯುತ್ತದೆ. ಕಿರಣ ತಡೆದ ಜಾಗ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಯುರೋಪಿನ ಹಿಂದಿನ ಚಿತ್ರಕಾರರು ಮುಖ್ಯವಾಗಿ ಬಳಸಿದ ಬಿಳಿ ಬಣ್ಣ ಸೀಸದಿಂದ ಮಾಡಿದ್ದು. ನಮ್ಮ ಮೈಸೂರಿನ ಚಿತ್ರಗಾರರು ಸಫೇದ ಎಂದು ಕರೆದು, ಚಿನ್ನದ ರೇಕಿನ ಅಡಿಗೆ ಉಬ್ಬುಗೆಲಸಕ್ಕೆ ಹಾಕುತ್ತಿದ್ದುದೂ ಈ ಸೀಸದ ಬಿಳಿಯೇ. ಸೀಸವೂ, ಪಾದರಸದಿಂದಾದ ಇಂಗಲೀಕದ ಕೆಂಪೂ ಕಿರಣಕ್ಕೆ ಗೋಡೆಯಂತೆ ಅಡ್ಡ ನಿಲ್ಲುತ್ತವೆ. ಕಾಡಿಗೆಯ ಕಪ್ಪು, ಕಾವಿ ಮಣ್ಣು, ಗಿಡಮೂಲದ ಬಣ್ಣಗಳು ಕಿರಣವನ್ನು ಸುಲಭವಾಗಿ ದಾಟಗೊಡುತ್ತವೆ. ಆದುದರಿಂದ ಸೀಸದ ಬಿಳಿ ಬೆರೆಸಿ ಬರೆದ ಒಂದು ಮುಖದ ಮೇಲೆ ಯಾರಾದರೂ ಮಣ್ಣಿನ ಬಣ್ಣ ಬಳಿದಿದ್ದರೆ, ನಮ್ಮ ಕಣ್ಣಿಗೆ ಮಣ್ಣು ಮಾತ್ರ ಕಾಣುತ್ತದೆ. ಕಿರಣದ ಕಣ್ಣಿಗೆ ಮುಖ ಕಾಣುತ್ತದೆ.

ಮುಖವೊಂದೇ ಅಲ್ಲ. ಬಟ್ಟೆಯ ಮೇಲಿನ ಚಿತ್ರವಾದರೆ ಅದರ ನೂಲಿನ ಎಳೆಗಳನ್ನು ಎಣಿಸಬಹುದು. ಎರಡು ಚಿತ್ರಗಳ ಬಟ್ಟೆ ಒಂದೇ ಥಾನಿನಿಂದ ಕತ್ತರಿಸಿದ್ದೇ ಎಂಬ ಸುಳಿವೂ ಅದರಿಂದ ದೊರೆಯುವುದುಂಟು. ಹಲಗೆಯ ಮೇಲಿನದಾದರೆ ಮೊಳೆಗಳು, ಹುಳು ಕೊರೆದ ದಾರಿಗಳು, ಬೆಸುಗೆಯ ಗೆರೆಗಳು ಕಾಣುತ್ತವೆ. ಹರಿದಲ್ಲಿ ಹಾಕಿದ ತೇಪೆ, ಬಣ್ಣ ಉದುರಿದಲ್ಲಿ ತುಂಬಿದ ಮೆತ್ತು, ಕಲಾವಿದ ಮೊದಲು ಎತ್ತಿ ಬರೆದು ಆಮೇಲೆ ಇಳಿಸಿದ ಕೈ, ಇವೆಲ್ಲ ಹೊರಬೀಳುತ್ತವೆ. ನಮ್ಮ ಬ್ಯಾಂಕಿನ ಕೌಂಟರಿನಲ್ಲಿ ನೋಟು ಚೆಕ್ಕುಗಳನ್ನು ಹಿಡಿದು ನೋಡುವ ನೇರಳೆ ದೀಪವಿದೆಯಲ್ಲ, ಆ ಅತಿನೇರಳೆ ಬೆಳಕೂ ಈ ಪರೀಕ್ಷಕರ ಬಳಿ ಇರುತ್ತದೆ. ಅದರಡಿಯಲ್ಲಿ ಹಳೆಯ ವಾರ್ನಿಷು ಹಸಿರಾಗಿ ಹೊಳೆಯುತ್ತದೆ. ಇತ್ತೀಚೆಗೆ ಅದರ ಮೇಲೆ ತಿದ್ದಿದ ಜಾಗ ಕಪ್ಪಾಗಿ ಎದ್ದು ತೋರುತ್ತದೆ. ನೇರಳೆ ದೀಪ ಮೇಲ್ಮೈಯನ್ನು ತೋರಿದರೆ ಕ್ಷ-ಕಿರಣ ತಳವನ್ನು ತೋರುತ್ತದೆ.

ಆದರೆ ಕ್ಷ-ಕಿರಣಕ್ಕೊಂದು ಮಿತಿಯಿದೆ. ತೆಳುಕಾಗದದ ನಾಲ್ಕು ಹಾಳೆಗಳ ಮೇಲೆ ನಾಲ್ಕು ಮಂದಿ ಬರೆದು, ನಾಲ್ಕನ್ನೂ ಒಂದರ ಮೇಲೊಂದಿರಿಸಿ ದೀಪಕ್ಕೆ ಹಿಡಿದರೆ ಹೇಗೋ ಹಾಗೆ ಎಲ್ಲ ಪದರಗಳೂ ಒಂದೇ ಬಾರಿಗೆ, ಒಂದರೊಳಗೊಂದು ಕಲೆತು ಕಾಣುತ್ತವೆ. ಯಾವುದು ಮೊದಲು, ಯಾವುದು ಅನಂತರ, ಯಾರ ಕೈ, ಯಾವ ವರ್ಷ ಎಂಬ ವಿವರ ಅದರಲ್ಲಿ ಬರೆದಿರುವುದಿಲ್ಲ. ಅಡಿಯಲ್ಲಿ ಏನಿದೆಯೆಂದು ಕಿರಣ ಹೇಳುತ್ತದೆ. ಅದನ್ನು ಮುಚ್ಚಿದವರು ಯಾರೆಂದು ಹೇಳುವುದಿಲ್ಲ. ಈ ಒಂದು ಭೇದವನ್ನು ಅರಿಯಲು ಯುರೋಪಿನ ವಿದ್ವಾಂಸರಿಗೆ ಒಂದು ಚಿತ್ರದ ವಿಷಯದಲ್ಲಿ ಸುಮಾರು ನಾಲ್ಕು ದಶಕಗಳೇ ಬೇಕಾದವು. ಆ ಕಥೆಯನ್ನೇ ಇಂದು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇವೆ.

ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ 1632ರಲ್ಲಿ ಹುಟ್ಟಿ 1675ರಲ್ಲಿ ತೀರಿಕೊಂಡ ಯೊಹಾನ್ನೆಸ್ ವರ್ಮೀರ್ ಎಂಬ ಚಿತ್ರಕಾರನಿದ್ದ. ಅವನದೆಂದು ಇಂದು ಒಪ್ಪಿಕೊಂಡಿರುವ ಚಿತ್ರಗಳು ಮೂವತ್ತೈದರ ಆಸುಪಾಸಿನಲ್ಲಿವೆ. ಅವುಗಳಲ್ಲೊಂದು, ಸುಮಾರು 1657ರಿಂದ 1659ರ ನಡುವೆ ಬರೆದದ್ದು, ಜರ್ಮನಿಯ ಡ್ರೆಸ್ಡೆನ್ ನಗರದ ಚಿತ್ರಶಾಲೆಯಲ್ಲಿದೆ. ತೆರೆದ ಕಿಟಕಿಯ ಬಳಿ ಒಬ್ಬ ಹುಡುಗಿ ನಿಂತು ಕಾಗದ ಓದುತ್ತಿದ್ದಾಳೆ. ಕಿಟಕಿಯ ಗಾಜಿನಲ್ಲಿ ಅವಳ ಮುಖದ ಪ್ರತಿಬಿಂಬ. ಮುಂದೆ ಮೇಜು, ಅದರ ಮೇಲೆ ಮುದುಡಿದ ಜಮಖಾನ, ಓರೆಯಾದ ತಟ್ಟೆಯಿಂದ ಉರುಳುತ್ತಿರುವ ಹಣ್ಣುಗಳು. ಬಲಗಡೆಗೆ ಒಂದು ಹಸಿರು ಪರದೆ. ಅವಳ ಹಿಂದೆ ಬೋಳು ಗೋಡೆ.

ಈ ಚಿತ್ರದ ಜಾತಕವೇ ವಿಚಿತ್ರವಾದುದು. 1742ರಲ್ಲಿ ಸ್ಯಾಕ್ಸನಿಯ ದೊರೆಗಾಗಿ ಪ್ಯಾರಿಸಿನಲ್ಲಿ ಇದನ್ನು ಕೊಂಡಾಗ ಇದು ರೆಂಬ್ರಾಂಟನ ಕೃತಿಯೆಂದು ಹೆಸರಾಗಿತ್ತು. ವರ್ಮೀರನ ಹೆಸರು ಇದಕ್ಕೆ ಮರಳಿದ್ದು 19ನೆಯ ಶತಮಾನದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಡ್ರೆಸ್ಡೆನ್ ಬೂದಿಯಾದರೂ ಮೊದಲೇ ಸಾಗಿಸಿದ್ದರಿಂದ ಚಿತ್ರ ಉಳಿಯಿತು. ಸೋವಿಯತ್ ಸೈನ್ಯ ಅದನ್ನು ಕೊಂಡೊಯ್ದಿತು. ಆ ನಗರದ ಚಿತ್ರಗಳನ್ನು ಹಿಂದಿರುಗಿಸುವ ನಿರ್ಧಾರವಾದದ್ದು 1955ರಲ್ಲಿ. ಇಷ್ಟೆಲ್ಲ ಊರು ಸುತ್ತಿದರೂ ಹುಡುಗಿ ತಲೆ ಎತ್ತಲಿಲ್ಲ. ಕಾಗದ ಓದುತ್ತಲೇ ಇದ್ದಳು. ಊರು ಬಿಟ್ಟು ಬಂದು, ಊರಿನ ಕಾಗದಕ್ಕಾಗಿ ಕಾದು ಕುಳಿತಿದ್ದ ಹಿರಿಯರು ಈ ಸಭೆಯಲ್ಲೂ ಇದ್ದಾರೆ. ಅವರಿಗೆ ಅವಳ ತನ್ಮಯತೆಯನ್ನು ನಾವು ವಿವರಿಸಬೇಕಾಗಿಲ್ಲ.

1979ರಲ್ಲಿ ಈ ಚಿತ್ರದ ಕ್ಷ-ಕಿರಣ ಪರೀಕ್ಷೆಯಾಯಿತು. ಫಲಕದಲ್ಲಿ ಕಂಡದ್ದು ಎರಡು ಗುಟ್ಟು. ಬಲಗಡೆಯ ಕೆಳಮೂಲೆಯಲ್ಲಿ, ಪರದೆಯ ಅಡಿಗೆ, ಒಂದು ದೊಡ್ಡ ಪಾನಪಾತ್ರೆ. ಹಿಂದಿನ ಬೋಳು ಗೋಡೆಯಲ್ಲಿ ಚೌಕಟ್ಟು ಹಾಕಿದ ಒಂದು ದೊಡ್ಡ ಪಟ; ಪಟದೊಳಗೆ ನಿಂತಿದ್ದಾನೆ ಬತ್ತಲೆ ಬಾಲಕನೊಬ್ಬ, ಕೈಯಲ್ಲಿ ಬಿಲ್ಲು! ಅವನೇ ಕ್ಯೂಪಿಡ್, ರೋಮನರ ಮನ್ಮಥ. ನಮ್ಮ ಮನ್ಮಥನಿಗೆ ಕಬ್ಬಿನ ಬಿಲ್ಲು, ಹೂವಿನ ಬಾಣ. ಅವರವನು ಚಿಕ್ಕ ಹುಡುಗ. ಇಬ್ಬರ ಉದ್ಯೋಗ ಮಾತ್ರ ಒಂದೇ.

ಈಗ ಪ್ರಶ್ನೆ ಎದ್ದಿತು: ಇವನನ್ನು ಮರೆಮಾಡಿದವರು ಯಾರು? ವರ್ಮೀರನೇ ಎಂದು ಬಹುಮಂದಿ ನಿಶ್ಚಯಿಸಿಬಿಟ್ಟರು. ಕಾರಣವೂ ಸೊಗಸಾಗಿತ್ತು. ಪಾನಪಾತ್ರೆಯನ್ನು ಮುಚ್ಚಿ ಪರದೆ ಬರೆದವನು ಅವನೇ. ಹಾಗಿರುವಾಗ ಮನ್ಮಥನನ್ನೂ ಅವನೇ ಅಳಿಸಿರಬೇಕು. ಚಿತ್ರಕ್ಕೆ ಮೌನ ಬೇಕೆಂದು ಗೋಡೆಯನ್ನು ಬರಿದು ಮಾಡಿರಬೇಕು. ಆ ಬೋಳು ಗೋಡೆಯ ಗಾಂಭೀರ್ಯವನ್ನು ಹೊಗಳಿದವರಿಗೆ ಲೆಕ್ಕವಿಲ್ಲ. ಫಲಕದಲ್ಲಿ ಪಾತ್ರೆಯೂ ಮನ್ಮಥನೂ ಒಂದೇ ಬಗೆಯಲ್ಲಿ, ಒಂದೇ ಬೂದುಬಣ್ಣದಲ್ಲಿ ಕಾಣುತ್ತಿದ್ದುದರಿಂದ ಇಬ್ಬರನ್ನೂ ಮುಚ್ಚಿದ ಕೈ ಒಂದೇ ಎಂದು ತಿಳಿದದ್ದು ಸಹಜವೇ ಆಗಿತ್ತು.

2017ರಲ್ಲಿ ಚಿತ್ರದ ಜೀರ್ಣೋದ್ಧಾರ ಆರಂಭವಾಯಿತು. ಹಳದಿಗಟ್ಟಿದ್ದ ಹಳೆಯ ವಾರ್ನಿಷನ್ನು ತೆಗೆಯುವಾಗ, ಗೋಡೆಯ ಆ ಭಾಗದ ಬಣ್ಣವು ಉಳಿದ ಭಾಗದ ಬಣ್ಣದಂತೆ ವರ್ತಿಸುತ್ತಿಲ್ಲವೆಂದು ಜೀರ್ಣೋದ್ಧಾರಕ ಕ್ರಿಸ್ಟೋಫ್ ಶೋಲ್ಟ್ಸೆಲ್ ಅವರ ಲಕ್ಷ್ಯಕ್ಕೆ ಬಂದಿತು. ಆಗ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಬಣ್ಣದ ಕಣಗಳನ್ನು ತೆಗೆದು, ಬಾಳೆಯ ದಿಂಡನ್ನು ಅಡ್ಡಕ್ಕೆ ಕುಯ್ದು ಸುತ್ತುಗಳನ್ನು ನೋಡುವಂತೆ ಸೂಕ್ಷ್ಮದರ್ಶಕದ ಅಡಿಯಲ್ಲಿ ಪದರಗಳನ್ನು ನೋಡಿದರು. ತಳದಲ್ಲಿ ಮನ್ಮಥನ ಬಣ್ಣ. ಎಲ್ಲಕ್ಕೂ ಮೇಲೆ ಗೋಡೆಯ ಬಣ್ಣ. ಇವೆರಡರ ನಡುವೆ ವಾರ್ನಿಷು, ಅದರ ಮೇಲೆ ಕೂತ ಕೊಳೆ!

ಮಹಾಶಯರೇ, ಇಡೀ ಮೊಕದ್ದಮೆಯ ತೀರ್ಪು ಆ ಕೊಳೆಯಲ್ಲಿತ್ತು. ಕೊಳೆ ಒಂದು ದಿನದಲ್ಲಿ ಕೂರುವುದಿಲ್ಲ. ಚಿತ್ರ ಮುಗಿದು, ವಾರ್ನಿಷು ಹಚ್ಚಿ, ಗೋಡೆಗೆ ತೂಗಿ, ಹಲವು ದಶಕಗಳ ಧೂಳುಹೊಗೆ ಹಿಡಿದ ಬಳಿಕವೇ ಮನ್ಮಥನಿಗೆ ಮುಸುಕು ಬಿದ್ದಿದೆ. ಚಿತ್ರ ಬರೆದದ್ದು 1659ರ ಒಳಗೆ; ವರ್ಮೀರ್ ಸತ್ತದ್ದು 1675ರಲ್ಲಿ. ನಡುವೆ ಇರುವುದು ಹದಿನಾರು ಹದಿನೆಂಟು ವರ್ಷ. ಹಲವು ದಶಕ ಆ ಅವಧಿಯೊಳಗೆ ಹಿಡಿಯುವುದಿಲ್ಲವೆಂದು ಕೂಡಿಸಿ ಕಳೆಯಲು ಬಿ.ಕಾಂ. ಪದವಿಯೂ ಬೇಕಿಲ್ಲ. ಮುಚ್ಚಿದ ಕೈ ವರ್ಮೀರನದಲ್ಲ. ಅದು ಯಾರದೆಂಬುದಕ್ಕೆ ದಾಖಲೆಯಿಲ್ಲ. ಏಕೆ ಮುಚ್ಚಿದರೆಂಬುದಕ್ಕೂ ಇಲ್ಲ. ಯಾರೋ ತಿದ್ದಿದರು, ರುಜು ಹಾಕದೆ ಎದ್ದು ಹೋದರು.

ಇದರ ಮೇಲೂ ಅವಸರಪಡಲಿಲ್ಲ ಎಂಬುದು ನಮಗೆ ಬಹಳ ಹಿಡಿಸಿದ ಮಾತು. ಬೇರೆ ಬೇರೆ ದೇಶಗಳ ತಜ್ಞರ ಸಮಿತಿಯನ್ನು ಕೂಡಿಸಿ ಕೇಳಿದರು. ಏಕೆಂದರೆ ಮೇಲಿನ ಬಣ್ಣಕ್ಕೂ ಶತಮಾನಗಳ ವಯಸ್ಸಾಗಿತ್ತು. ತಲೆಮಾರುಗಳ ಜನ ಅದನ್ನೇ ಮೆಚ್ಚಿದ್ದರು. ಒಮ್ಮೆ ಕೆರೆದು ತೆಗೆದರೆ ಮತ್ತೆ ತಂದು ಹಚ್ಚುವಂತಿಲ್ಲ. 2018ರಲ್ಲಿ ತೆಗೆಯುವುದೆಂದು ತೀರ್ಮಾನವಾಯಿತು. ಶೋಲ್ಟ್ಸೆಲ್ ಅವರು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಶಸ್ತ್ರವೈದ್ಯರ ಚೂರಿಯಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತೆಗೆಯುತ್ತ ಹೋದರು. 2019ರಲ್ಲಿ ಅರ್ಧ ಮುಸುಕು ತೆಗೆದ ಸ್ಥಿತಿಯಲ್ಲೇ ಚಿತ್ರವನ್ನು ಕೆಲವು ವಾರ ಜನರ ಮುಂದಿಟ್ಟರು. ಕೆಲಸ ಪೂರೈಸಿ 2021ರ ಸೆಪ್ಟೆಂಬರಿನಲ್ಲಿ ಪೂರ್ಣಚಿತ್ರ ಹೊರಬಂದಿತು.

ಈಗ ನೋಡಿದರೆ ಮನ್ಮಥ ನೆಲದ ಮೇಲೆ ಬಿದ್ದ ಮುಖವಾಡಗಳನ್ನು ತುಳಿದು ನಿಂತಿದ್ದಾನೆ. ನಿಜವಾದ ಪ್ರೀತಿಯ ಮುಂದೆ ಸೋಗು ನಿಲ್ಲದು ಎಂಬ ಅರ್ಥ. ಹುಡುಗಿ ಓದುತ್ತಿರುವುದು ಎಂಥ ಕಾಗದವೆಂದು ಇನ್ನು ಊಹಿಸಬೇಕಾಗಿಲ್ಲ. ಲಂಡನ್ನಿನಲ್ಲಿರುವ ವರ್ಮೀರನ ಇನ್ನೊಂದು ಚಿತ್ರದ ಗೋಡೆಯಲ್ಲೂ ಇಂಥದೇ ಕ್ಯೂಪಿಡ್ ಪಟ ತೂಗುತ್ತಿದೆ. ಅವನು ಸತ್ತ ಬಳಿಕ 1676ರಲ್ಲಿ ಮಾಡಿದ ಮನೆಸಾಮಾನುಗಳ ಪಟ್ಟಿಯಲ್ಲಿ ಒಂದು ಕ್ಯೂಪಿಡ್ ಪಟದ ನಮೂದೂ ಇದೆ. ಪಟ್ಟಿ ಬರೆದ ಆ ಅಜ್ಞಾತ ಗುಮಾಸ್ತನಿಗೆ ನಮ್ಮ ಕುಲದವನೆಂದು ನಾವು ಒಂದು ನಮಸ್ಕಾರ ಸಲ್ಲಿಸುತ್ತೇವೆ. ಬೋಳು ಗೋಡೆಯೇ ಚೆನ್ನಾಗಿತ್ತೆಂದು ಹೇಳುವವರು ಈಗಲೂ ಉಂಟು. ರುಚಿ ಅವರವರದು. ಆದರೆ ಅದು ವರ್ಮೀರನ ಮೌನವೆಂದು ಇನ್ನು ಹೇಳುವಂತಿಲ್ಲ.

ಹಾಗಾದರೆ ಅಡಿಯಲ್ಲಿ ಏನಾದರೂ ಕಂಡೊಡನೆ ಮೇಲಿನದನ್ನು ಕೆರೆಯಬೇಕೆ? ಬೇಡ ಎನ್ನುವುದಕ್ಕೆ ಅದೇ ಚಿತ್ರದ ಪಾನಪಾತ್ರೆಯೇ ಸಾಕ್ಷಿ. ಅದನ್ನು ಮುಚ್ಚಿದವನು ಬರೆದವನೇ. ಆದುದರಿಂದ ಪರದೆ ಹಾಗೆಯೇ ಉಳಿಯಿತು. ಇನ್ನೊಂದು ಉದಾಹರಣೆ ವಾನ್ ಗೋನದು. 1887ರಲ್ಲಿ ಪ್ಯಾರಿಸಿನಲ್ಲಿ ಅವನು ಹುಲ್ಲುನೆಲದ ಒಂದು ಚಿತ್ರ ಬರೆದ. ಅದರಡಿಯಲ್ಲಿ ಯಾವುದೋ ತಲೆ ಇದೆಯೆಂದು ಸಾಮಾನ್ಯ ಕ್ಷ-ಕಿರಣ ಮಸುಕಾಗಿ ತೋರಿಸಿತ್ತು. 2008ರಲ್ಲಿ ಯೋರಿಸ್ ಡಿಕ್, ಕೂನ್ ಯಾನ್ಸೆನ್ಸ್ ಮತ್ತು ಸಂಗಡಿಗರು ಹ್ಯಾಂಬರ್ಗಿನ ಒಂದು ದೊಡ್ಡ ಪ್ರಯೋಗಾಲಯದಲ್ಲಿ ಅದನ್ನು ಹೊಸ ಬಗೆಯಲ್ಲಿ ಪರೀಕ್ಷಿಸಿದರು. ಸೂಜಿಯ ಮೊನೆಯಂಥ ಕಿರಣವನ್ನು ಚುಕ್ಕೆ ಚುಕ್ಕೆಗೂ ಹಾಯಿಸಿದರೆ ಪ್ರತಿಯೊಂದು ಲೋಹವೂ ತನ್ನದೇ ಆದ ಮರುಕಿರಣವನ್ನು ಸೂಸುತ್ತದೆ. ಪಾದರಸ ಎಲ್ಲಿದೆ, ಸೀಸ ಎಲ್ಲಿದೆ, ಆಂಟಿಮನಿ ಎಲ್ಲಿದೆ ಎಂದು ಬೇರೆ ಬೇರೆ ನಕ್ಷೆ ತಯಾರಾಗುತ್ತದೆ. ಪಾದರಸವಿದ್ದಲ್ಲಿ ಕೆಂಪು, ಆಂಟಿಮನಿ ಇದ್ದಲ್ಲಿ ಹಳದಿ. ಹೀಗೆ ಬಣ್ಣವನ್ನೂ ಊಹಿಸಿದಾಗ ಒಬ್ಬ ಹೆಂಗಸಿನ ಮುಖ ಮೂಡಿತು. ವಾನ್ ಗೋನೇ ತನ್ನ ಹಳೆಯ ಬಟ್ಟೆಯನ್ನು ಮತ್ತೆ ಬಳಸಿಕೊಂಡಿದ್ದ. ಯಾರೂ ಹುಲ್ಲನ್ನು ಕೀಳಲಿಲ್ಲ. ಹುಲ್ಲೂ ಅವನದೇ, ಹೆಂಗಸೂ ಅವನವಳೇ. ಮುಟ್ಟದೆಯೇ ನೋಡುವುದು ಸಾಧ್ಯವಾದದ್ದೇ ಈ ವಿದ್ಯೆಯ ದೊಡ್ಡ ಉಪಕಾರ.

ಅರ್ಧ ತಿದ್ದಿದರೆ ಏನಾಗುತ್ತದೆಂಬುದಕ್ಕೆ ಬೆಲ್ಜಿಯಮಿನ ಗೆಂಟ್ ನಗರದ ಕಥೆ ಇದೆ. ಅಲ್ಲಿಯ ಇಗರ್ಜಿಯಲ್ಲಿ ವಾನ್ ಐಕ್ ಸೋದರರು 1432ರಲ್ಲಿ ಮುಗಿಸಿದ ಮಹಾಚಿತ್ರವೊಂದಿದೆ. ಅದರ ನಡುವೆ ದೇವರ ಕುರಿಮರಿ. 16ನೆಯ ಶತಮಾನದಲ್ಲಿ ಯಾರೋ ಅದರ ತಲೆಯ ಮೇಲೆ ಬೇರೊಂದು ತಲೆ ಬರೆದಿದ್ದರು. 1951ರ ಸುಮಾರಿಗೆ ನಡೆದ ಶುಚಿಕಾರ್ಯದಲ್ಲಿ ತಲೆಯ ಸುತ್ತಣ ಹಸಿರು ಬಣ್ಣವನ್ನಷ್ಟೇ ತೆಗೆದಾಗ ಮೂಲದ ಕಿವಿಗಳು ಹೊರಬಿದ್ದವು. ಮೇಲೆ ಬರೆದ ಕಿವಿಗಳೂ ಉಳಿದಿದ್ದವು. ಕುರಿಮರಿಗೆ ನಾಲ್ಕು ಕಿವಿಯಾಯಿತು! ಮುಂದೆ 2019ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಪೂರ್ತಿ ಮೂಲವನ್ನು ಹೊರತೆಗೆದರು. ಮನುಷ್ಯರ ಕಣ್ಣಿನಂತೆ ನೇರವಾಗಿ ದಿಟ್ಟಿಸುವ ಆ ಮುಖವನ್ನು ನೋಡಿ ಬೆಚ್ಚಿದವರೂ ನಕ್ಕವರೂ ಹಲವರು. ಮೂಲವು ನಮಗೆ ಹಿಡಿಸಲೇಬೇಕೆಂಬ ಕರಾರೇನೂ ಇಲ್ಲ.

ಈ ಅನುಭವಗಳಿಂದ ಆ ದೇಶಗಳ ಜೀರ್ಣೋದ್ಧಾರಕರು ಕೆಲವು ಕಟ್ಟಳೆಗಳನ್ನು ಮಾಡಿಕೊಂಡಿದ್ದಾರೆ. ಹೊಸದಾಗಿ ಹಚ್ಚುವ ಬಣ್ಣ ಮುಂದೆ ಬೇಕೆಂದಾಗ ಮೂಲಕ್ಕೆ ಕೇಡಿಲ್ಲದೆ ತೆಗೆಯುವಂತಿರಬೇಕು. ಉದುರಿದ ಜಾಗದಲ್ಲಿ ಮಾತ್ರ ಹಚ್ಚಬೇಕು; ಇರುವುದರ ಮೇಲೆ ಹಚ್ಚಬಾರದು. ಮಾಡಿದ್ದನ್ನೆಲ್ಲ ಬರೆದಿಡಬೇಕು, ಮೊದಲು ಮತ್ತು ಆಮೇಲೆ ಛಾಯಾಚಿತ್ರ ತೆಗೆದಿಡಬೇಕು. ಕಂಪ್ಯೂಟರು ಬರುವ ಮುಂಚೆ ನಮ್ಮ ಬ್ಯಾಂಕುಗಳ ಲೆಡ್ಜರಿನಲ್ಲಿದ್ದ ಕಟ್ಟಳೆಯೂ ಇದೇ ಎಂದು ಹಿರಿಯ ಸಹೋದ್ಯೋಗಿಗಳಿಂದ ಕೇಳಿದ್ದೇವೆ. ತಪ್ಪಿದ ಅಂಕಿಯನ್ನು ಉಜ್ಜಿ ಅಳಿಸಕೂಡದು. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದುದನ್ನು ಮೇಲೆ ಬರೆದು, ಪಕ್ಕದಲ್ಲಿ ರುಜು ಹಾಕಬೇಕು. ತಿದ್ದುವುದು ಅಪರಾಧವಲ್ಲ, ತಿದ್ದಿದ್ದನ್ನು ಬಚ್ಚಿಡುವುದು ಅಪರಾಧ.

ಇಷ್ಟು ದೂರದ ಕಥೆ ನಮಗೇಕೆಂದು ಕೇಳುವವರಿಗೆ ಹತ್ತಿರದ್ದೂ ಒಂದಿದೆ. ನಮ್ಮಲ್ಲಿ ಅನೇಕರು ಅಜಂತಾ ನೋಡಿ ಬಂದವರು. ಗುಹೆಯ ಗೋಡೆಯ ಹಿಂದೆ ಫಲಕವಿರಿಸಲು ಬರುವುದಿಲ್ಲವಾದ್ದರಿಂದ ಹಾಯ್ದು ನೋಡುವ ಕ್ಷ-ಕಿರಣದ ಆಟ ಅಲ್ಲಿ ನಡೆಯದು. 1920ರ ದಶಕದ ಆರಂಭದಲ್ಲಿ ನಿಜಾಮರ ಸರ್ಕಾರ ಇಟಲಿಯಿಂದ ಇಬ್ಬರು ತಜ್ಞರನ್ನು ಕರೆಸಿ ಅಲ್ಲಿಯ ಚಿತ್ರಗಳನ್ನು ಗಟ್ಟಿ ಮಾಡಿಸಿತು. ಉದುರುತ್ತಿದ್ದುದನ್ನು ಅವರು ಹಿಡಿದು ನಿಲ್ಲಿಸಿದ್ದು ಉಪಕಾರವೇ. ಆದರೆ ಮೇಲೆ ಹಚ್ಚಿದ ಅರಗಿನ ಲೇಪ ಕಾಲಕ್ರಮದಲ್ಲಿ ಹಳದಿಗಟ್ಟಿತು. ಅದನ್ನು ತೆಗೆಯುವ ಕೆಲಸ ನಮ್ಮ ಪುರಾತತ್ತ್ವ ಇಲಾಖೆಯ ಪಾಲಿಗೆ ಬಂದಿತು. ಒಳ್ಳೆಯ ಮನಸ್ಸಿನಿಂದ ಹಚ್ಚಿದ್ದೂ ಮುಂದಿನವರಿಗೆ ಹೊರೆಯಾಗಬಹುದು.

ಇನ್ನು ನಮ್ಮ ನಮ್ಮ ಮನೆಗಳ ಮಾತು. ಊರಿನಿಂದ ಟ್ರಂಕಿನಲ್ಲಿ ಸೀರೆಯ ನಡುವೆ ಸುತ್ತಿ ತಂದ ಅಜ್ಜಿಯ ಕಾಲದ ಮೈಸೂರು ಪಟ ಕೆಲವರಲ್ಲಿ ಇರಬಹುದು, ಲಕ್ಷ್ಮಿಯೋ, ಪಟ್ಟಾಭಿಷೇಕವೋ. ಅದರ ಬಣ್ಣಕ್ಕೆ ಅಂಟು ಬೆರೆತಿರುತ್ತದೆ. ಒದ್ದೆ ಬಟ್ಟೆ ತಗುಲಿದರೆ ಬಣ್ಣವೇ ಎದ್ದು ಬರುತ್ತದೆ. ಹಬ್ಬ ಬಂತೆಂದು ಒರೆಸಬೇಡಿ. ಮಳೆಗಾಲದಲ್ಲಿ ಬೆವರುವ ಮುಂಬಯಿಯ ಹೊರಗೋಡೆಗೆ ತೂಗಬೇಡಿ. ದೀಪದ ಹೊಗೆ ನೇರವಾಗಿ ತಾಗದಂತೆ ಇಡಿ. ಕಟ್ಟು ಹಾಕಿಸಲು ಕೊಟ್ಟಾಗ ಅಂಗಡಿಯವನು “ಸ್ವಲ್ಪ ಬಣ್ಣ ಹಚ್ಚಿ ಹೊಸದು ಮಾಡಿಕೊಡುತ್ತೇನೆ” ಎಂದರೆ, ಡ್ರೆಸ್ಡೆನ್ನಿನ ಮನ್ಮಥನನ್ನು ನೆನೆದು ಬೇಡವೆನ್ನಿ. ಹಾಳಾಗಿದ್ದರೆ ತಿಳಿದವರನ್ನು ಕೇಳಿ. ನಮ್ಮ ನಗರದ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ಕಲಾವಸ್ತುಗಳ ಸಂರಕ್ಷಣೆಗೆಂದೇ ಒಂದು ವಿಭಾಗವಿದೆ.

ಕೊನೆಯದಾಗಿ ಒಂದು ಕೋರಿಕೆ. ಈ ಪಟ ಯಾರದು, ಯಾವ ಊರಿನದು, ಮನೆಗೆ ಎಂದು ಬಂದಿತು, ಯಾರು ಎಂದು ರಿಪೇರಿ ಮಾಡಿಸಿದರು, ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು, ತಾರೀಖು ಹಾಕಿ, ರುಜು ಮಾಡಿ, ಲಕೋಟೆಯಲ್ಲಿ ಇಟ್ಟುಕೊಳ್ಳಿ; ಪಟದ ಮೈಮೇಲೆ ಬರೆಯಬೇಡಿ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ನಾಳೆ ಆ ಪಟವನ್ನು ಕೈಗೆತ್ತಿಕೊಂಡಾಗ ಯಾವ ಕಿರಣವೂ ಅವರಿಗೆ ಅಜ್ಜಿಯ ಊರಿನ ಹೆಸರನ್ನು ಹೇಳಲಾರದು. ಅದನ್ನು ನಾವೇ ಹೇಳಿ ಹೋಗಬೇಕು. ಅದನ್ನು ಓದಿಕೊಳ್ಳುವಷ್ಟು ಕನ್ನಡವನ್ನು ಅವರಿಗೆ ಕಲಿಸಿಯೂ ಹೋಗಬೇಕು.